ಪಕ್ಕೆ ನೋವೆಲ್ಲ ಕಲ್ಲಲ್ಲ: ಕಿಡ್ನಿಯ ಸುತ್ತ ತಾನಾಗೇ ರಕ್ತ ಸೋರಿದಾಗ

ಮಂಡ್ಯ ಕಡೆ ಯಾರಿಗಾದರೂ ಇದ್ದಕ್ಕಿದ್ದಂತೆ ಪಕ್ಕೆ ಹಿಡಿದರೆ ಮೊದಲು ಬರುವ ಮಾತು ಒಂದೇ. "ಕಲ್ಲಿರಬೇಕು." ಆಮೇಲೆ ಬಾಳೆದಿಂಡಿನ ರಸ, ಹುರುಳಿ ಬೇಯಿಸಿದ ಕಟ್ಟು, ಎಳನೀರು. ಅದಕ್ಕೂ ಬಗ್ಗದಿದ್ದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ನೋವಿನ ಇಂಜೆಕ್ಷನ್. ಹೆಚ್ಚಿನ ಸಲ ಈ ಊಹೆ ಸರಿಯಾಗೇ ಇರುತ್ತದೆ. ಕಿಡ್ನಿ ಕಲ್ಲು ಅಷ್ಟು ಸಾಮಾನ್ಯ.

ಆದರೆ ಲೂಪಸ್‌ನಂಥ, ಮೈ ಕಾಯುವ ಶಕ್ತಿಯೇ ಮೈಯ ಮೇಲೆ ತಿರುಗಿ ಬೀಳುವ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರಿಗೆ ಈ ಊಹೆಯೇ ಪ್ರಾಣಕ್ಕೆ ಎರವಾಗಬಹುದು. ನಮ್ಮ ಮನೆಯಲ್ಲೇ ಹಾಗಾಗುವುದರಲ್ಲಿತ್ತು.

ನನ್ನ ಚಿಕ್ಕಪ್ಪನ ಮಗಳಿಗೆ ಲೂಪಸ್ ಇದೆ. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿರುತ್ತಾಳೆ. ವಯಸ್ಸು ಮೂವತ್ತು ದಾಟಿದೆ. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಮಾಡಿದಳು. "ಅಕ್ಕ, ಎಡಗಡೆ ಪಕ್ಕೆ ಹಿಡ್ಕಂಡದೆ. ಉಸಿರು ಬುಡಕ್ಕೂ ಆಯ್ತಿಲ್ಲ ಕಣಕ್ಕ" ಅಂದಳು. ಅವಳ ಗಂಡ ಬೈಕಿನಲ್ಲಿ ಕೂರಿಸಿಕೊಂಡು ಒಂದು ನರ್ಸಿಂಗ್ ಹೋಮಿಗೆ ಹೋದರು. ಅಲ್ಲಿ ಹೊಟ್ಟೆ ಒತ್ತಿ ನೋಡಿ, ಕಲ್ಲಿರಬಹುದು ಅಂದರು. ಡೈಕ್ಲೋಫಿನಾಕ್ ಇಂಜೆಕ್ಷನ್ ಕೊಟ್ಟು, ಬೆಳಿಗ್ಗೆ ಸ್ಕ್ಯಾನ್ ಮಾಡಿಸಿ ಎಂದು ಮನೆಗೆ ಕಳಿಸಿದರು. ಲೂಪಸ್ ಇದೆ ಅಂತ ಇವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮಾತ್ರೆಗಳ ಚೀಟಿ ಮನೆಯ ಬೀರುವಿನಲ್ಲೇ ಇತ್ತು.

ನೋವು ಸ್ವಲ್ಪ ತಗ್ಗಿತು. ಬೆಳಗಿನ ಜಾವ ಬಚ್ಚಲಿಗೆಂದು ಎದ್ದವಳು ಕಣ್ಣು ಕತ್ತಲೆ ಬಂದು ಬಿದ್ದಳು. ಮೈ ತಣ್ಣಗಾಗಿತ್ತು. ತುಟಿ ಬಿಳಿಚಿಕೊಂಡಿತ್ತು. ಹಣೆಯ ತುಂಬ ಬೆವರು. ಮೂತ್ರದಲ್ಲಿ ಮಾತ್ರ ಒಂದು ಹನಿ ರಕ್ತವೂ ಕಂಡಿರಲಿಲ್ಲ. ಮೈಸೂರಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿ ಸಿ.ಟಿ. ಸ್ಕ್ಯಾನ್ ಮಾಡಿದರು. ಎಲ್ಲೂ ಕಲ್ಲಿರಲಿಲ್ಲ. ಎಡ ಕಿಡ್ನಿಯ ಸುತ್ತ ರಕ್ತ ಹೆಪ್ಪುಗಟ್ಟಿ ನಿಂತಿತ್ತು. ಪೆಟ್ಟು ಬಿದ್ದಿರಲಿಲ್ಲ, ಎಲ್ಲೂ ಜಾರಿರಲಿಲ್ಲ. ಕಿಡ್ನಿ ತಾನಾಗೇ ಒಡೆದು ಸೋರಿತ್ತು.

ಇದಕ್ಕೆ ವೈದ್ಯರು ವುಂಡರ್ಲಿಕ್ ಸಿಂಡ್ರೋಮ್ ಅನ್ನುತ್ತಾರೆ. 1856ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಕ್ ಅವರ ಹೆಸರು ಅದು. ಜ್ವರ ನೋಡುವಾಗ 98.6 ಡಿಗ್ರಿ ಅನ್ನುತ್ತೇವಲ್ಲ, ಸಾವಿರಾರು ರೋಗಿಗಳ ಮೈಶಾಖ ಅಳೆದು ಆ ಲೆಕ್ಕವನ್ನು ರೂಢಿಗೆ ತಂದವರೂ ಇವರೇ. ಕಾಯಿಲೆ ಅಪರೂಪದ್ದು. ಹಾಗಾಗಿಯೇ ಇದರ ಹೆಸರು ಯಾರ ಬಾಯಿಗೂ ಮೊದಲು ಬರುವುದಿಲ್ಲ.

ಕಿಡ್ನಿ ಒಂದೊಂದು ಮುಷ್ಟಿಯಷ್ಟು ದೊಡ್ಡದು. ತೂಕ ಸುಮಾರು 150 ಗ್ರಾಂ. ಇಷ್ಟು ಪುಟ್ಟ ಎರಡು ಅಂಗಗಳಿಗೆ ಹೃದಯ ಪಂಪ್ ಮಾಡುವ ರಕ್ತದ ಐದನೇ ಒಂದು ಪಾಲು ಹೋಗುತ್ತದೆ. ಅಂದರೆ ನಿಮಿಷಕ್ಕೆ ಹೆಚ್ಚೂಕಮ್ಮಿ 1 ಲೀಟರ್. ಅಲ್ಲಿ ಒಂದು ನಾಳ ಒಡೆದರೆ ಸೋರಿಕೆ ಎಷ್ಟು ಜೋರಾಗಿರಬಹುದು ಅಂತ ಇದರಿಂದಲೇ ಊಹಿಸಬಹುದು.

ಸೋರಿದ ರಕ್ತ ಹೋಗುವುದೆಲ್ಲಿಗೆ? ಕಿಡ್ನಿಗೆ ಅಂಟಿಕೊಂಡಂತೆ ಒಂದು ತೆಳು ಪೊರೆ ಇದೆ. ಅದರಾಚೆ ಕೊಬ್ಬು, ಕೊಬ್ಬಿನಾಚೆ ಇನ್ನೊಂದು ಗಟ್ಟಿ ಹೊದಿಕೆ. ರಕ್ತ ಈ ಜಾಗಗಳಲ್ಲಿ ತುಂಬಿಕೊಳ್ಳುತ್ತದೆ. ಮೂತ್ರದ ದಾರಿಗೆ ಅದು ಬರಲೇಬೇಕೆಂದಿಲ್ಲ. ಅದಕ್ಕೇ ನನ್ನ ತಂಗಿಗೆ ಮೂತ್ರ ಕೆಂಪಾಗಲಿಲ್ಲ. ಇನ್ನೊಂದು ಮೋಸವೂ ಇದೆ. ಬಿಗಿಯಾದ ಆ ಜಾಗದಲ್ಲಿ ತುಂಬಿದ ರಕ್ತವೇ ಒಡೆದ ನಾಳವನ್ನು ಒತ್ತಿ ಹಿಡಿದು ಸೋರಿಕೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಬಹುದು. ಆಗ ರೋಗಿ ಸುಧಾರಿಸಿಕೊಂಡಂತೆ ಕಾಣುತ್ತಾರೆ. ಇಂಜೆಕ್ಷನ್ನಿಂದ ಗುಣವಾಯಿತು ಅಂತ ಮನೆಯವರೂ ಅಂದುಕೊಳ್ಳುತ್ತಾರೆ. ಆ ಒತ್ತು ತಡೆಯದೆ ಹೋದರೆ ಮತ್ತೆ ಸೋರಿಕೆ ಶುರುವಾಗುತ್ತದೆ.

ಪಕ್ಕೆಯಲ್ಲಿ ತಟ್ಟನೆ ಬಂದ ನೋವು, ಮುಟ್ಟಿದರೆ ನೋಯುವ ಗಡ್ಡೆಯಂಥ ಊತ, ಒಳಗೆ ರಕ್ತ ಹೋಗುತ್ತಿರುವ ಲಕ್ಷಣಗಳು. ಈ ಮೂರೂ ಒಟ್ಟಿಗಿದ್ದರೆ ಇದೇ ಕಾಯಿಲೆ ಅಂತ ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ಎಷ್ಟೋ ರೋಗಿಗಳಲ್ಲಿ ಮೂರೂ ಇರುವುದಿಲ್ಲ. ಬರೀ ನೋವಿರುತ್ತದೆ ಅಷ್ಟೇ.

ಕಿಡ್ನಿ ಹೀಗೆ ತಾನಾಗೇ ಸೋರುವುದಕ್ಕೆ ಅರ್ಧಕ್ಕಿಂತ ಜಾಸ್ತಿ ಸಲ ಕಾರಣ ಗೆಡ್ಡೆ. ಕೆಲವು ಕ್ಯಾನ್ಸರ್ ಗೆಡ್ಡೆ. ಇನ್ನು ಕೆಲವು ಆಂಜಿಯೋಮಯೋಲಿಪೋಮಾ ಎಂಬ, ಕೊಬ್ಬು ಮತ್ತು ರಕ್ತನಾಳ ತುಂಬಿದ, ಕ್ಯಾನ್ಸರ್ ಅಲ್ಲದ ಗೆಡ್ಡೆ. ಅದರ ನಂತರ ಬರುವುದು ರಕ್ತನಾಳದ ಕಾಯಿಲೆಗಳು. ಆಟೋಇಮ್ಯೂನ್ ಅನ್ನುವ ಮಾತು ಬರುವುದು ಇಲ್ಲಿ.

ನಮ್ಮ ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ನಮ್ಮ ಮೈಯ ಮೇಲೇ ತಿರುಗಿ ಬೀಳುವುದೇ ಆಟೋಇಮ್ಯೂನ್ ಕಾಯಿಲೆ. ಕೀಲಿನ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ. ಚರ್ಮ, ಕೀಲು, ಕಿಡ್ನಿ, ರಕ್ತ ಎಲ್ಲದರ ಮೇಲೂ ಬೀಳಬಲ್ಲದ್ದು ಲೂಪಸ್. ರಕ್ತನಾಳದ ಗೋಡೆಯ ಮೇಲೇ ಬಿದ್ದರೆ ಅದಕ್ಕೆ ವ್ಯಾಸ್ಕುಲೈಟಿಸ್ ಅನ್ನುತ್ತಾರೆ. ಕಿಡ್ನಿಯ ಸುತ್ತ ರಕ್ತ ಸೋರಿಸುವ ವ್ಯಾಸ್ಕುಲೈಟಿಸ್‌ಗಳಲ್ಲಿ ಮೊದಲ ಹೆಸರು ಪಾಲಿಆರ್ಟರೈಟಿಸ್ ನೋಡೋಸಾ. ವೈದ್ಯರು ಚಿಕ್ಕದಾಗಿ ಪಿ.ಎ.ಎನ್. ಅನ್ನುತ್ತಾರೆ. 1866ರಲ್ಲಿ ಕುಸ್ಮೌಲ್ ಮತ್ತು ಮೇಯರ್ ಎಂಬ ಇಬ್ಬರು ಇದನ್ನು ಮೊದಲು ಸರಿಯಾಗಿ ವರ್ಣಿಸಿದರು.

ವಿ.ಸಿ. ನಾಲೆಯ ಬಯಲಿನಲ್ಲಿ ಬೆಳೆದವರಿಗೆ ಈ ಕಾಯಿಲೆ ಅರ್ಥವಾಗುವುದು ಸುಲಭ. ಗದ್ದೆ ಬದುವಿನಲ್ಲಿ ಏಡಿ ಬಿಲ ತೋಡಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನೀರು ತುಂಬಿ ಒತ್ತಿದಾಗ ಬದು ಅದೇ ಜಾಗದಲ್ಲಿ ಉಬ್ಬುತ್ತದೆ, ಒಂದು ರಾತ್ರಿ ಕಿತ್ತುಕೊಂಡು ಹೋಗುತ್ತದೆ. ಪಿ.ಎ.ಎನ್.ನಲ್ಲಿ ಮಧ್ಯಮ ಗಾತ್ರದ ರಕ್ತನಾಳಗಳ ಗೋಡೆ ಉರಿಯೂತದಿಂದ ಅಲ್ಲಲ್ಲಿ ಸಡಿಲವಾಗುತ್ತದೆ. ಸಡಿಲವಾದ ಕಡೆ ಕೆಲವೇ ಮಿಲಿಮೀಟರ್ ಗಾತ್ರದ ಉಬ್ಬುಗಳು ಏಳುತ್ತವೆ. ಆಂಜಿಯೋಗ್ರಾಂನಲ್ಲಿ ನೋಡಿದರೆ ಮಣಿ ಪೋಣಿಸಿದ ಹಾಗೆ ಕಾಣುತ್ತದೆ. ಅದರಲ್ಲಿ ಒಂದು ಒಡೆದರೂ ಸಾಕು.

ಒಡೆಯುವ ಮೊದಲೇ ಈ ಕಾಯಿಲೆ ಸುಳಿವು ಕೊಟ್ಟಿರುತ್ತದೆ. ಕಾರಣವಿಲ್ಲದೆ ತೂಕ ಇಳಿಯುತ್ತದೆ. ಜ್ವರ ಬಂದು ಹೋಗುತ್ತಿರುತ್ತದೆ. ಊಟ ಮಾಡಿದ ಮೇಲೆ ಹೊಟ್ಟೆ ನೋಯುತ್ತದೆ. ಇದ್ದಕ್ಕಿದ್ದಂತೆ ಬಿ.ಪಿ. ಏರುತ್ತದೆ. ಪಾದ ಎತ್ತಲಾಗದೆ ಚಪ್ಪಲಿ ಜಾರಿ ಹೋಗುತ್ತದೆ. ಚರ್ಮದ ಮೇಲೆ ಬಲೆ ನೇಯ್ದಂಥ ನೇರಳೆ ಗೆರೆಗಳು. ಗಂಡಸರಿಗೆ ವೃಷಣದಲ್ಲಿ ನೋವು. ಕಷ್ಟ ಏನೆಂದರೆ, ಕಾಲಿಗೆ ಒಬ್ಬ ಡಾಕ್ಟರು, ಹೊಟ್ಟೆಗೆ ಇನ್ನೊಬ್ಬರು, ಬಿ.ಪಿ.ಗೆ ಮತ್ತೊಬ್ಬರು. ಎಲ್ಲವನ್ನೂ ಒಂದೇ ಕಡೆ ಇಟ್ಟು ನೋಡುವವರು ಸಿಗುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಇದನ್ನು ಹಿಡಿದುಕೊಡುವ ಒಂದೇ ಒಂದು ರಕ್ತಪರೀಕ್ಷೆ ಅಂತ ಇಲ್ಲ. ಹೆಪಟೈಟಿಸ್ ಬಿ ವೈರಸ್ ಇರುವ ಕೆಲವರಲ್ಲೂ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಆ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು.

ಲೂಪಸ್‌ನ ಕತೆ ಇನ್ನೂ ಸಿಕ್ಕುಸಿಕ್ಕು. ಲೂಪಸ್ ಬಂದ 10 ಜನರಲ್ಲಿ 9 ಮಂದಿ ಹೆಂಗಸರು, ಅದೂ ಹೆಚ್ಚಾಗಿ ಮಕ್ಕಳು ಹೆರುವ ವಯಸ್ಸಿನವರು. ಇವರಲ್ಲಿ ರಕ್ತ ಸೋರಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ರಕ್ತನಾಳದ ಗೋಡೆಗೇ ಉರಿಯೂತ ಬರಬಹುದು. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗಬಹುದು. ಕಿಡ್ನಿ ಸೋತಾಗ ರಕ್ತದಲ್ಲಿ ಕಸ ಸೇರಿ, ಇರುವ ಪ್ಲೇಟ್‌ಲೆಟ್‌ಗಳೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಇನ್ನು ಕೆಲವರಿಗೆ ಲೂಪಸ್ ಜೊತೆಗೆ ರಕ್ತ ಬೇಗ ಹೆಪ್ಪುಗಟ್ಟುವ ಆಂಟಿಫಾಸ್ಫೋಲಿಪಿಡ್ ತೊಂದರೆ ಇರುತ್ತದೆ. ಅವರು ವಾರ್ಫರಿನ್, ಅಸಿಟ್ರೋಂನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐ.ಎನ್.ಆರ್. ಪರೀಕ್ಷೆ ತಪ್ಪಿಸಿಕೊಂಡು ಮಾತ್ರೆಯ ಪ್ರಮಾಣ ಮೀರಿದರೆ ಆ ಮಾತ್ರೆಯೇ ರಕ್ತ ಸೋರಿಸುತ್ತದೆ. ತೀರಾ ಅಪರೂಪಕ್ಕೆ, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಎಂಬ ಅಂಶದ ಮೇಲೇ ದೇಹ ಪ್ರತಿಕಾಯ ತಯಾರಿಸಿ, ಹುಟ್ಟಿನಿಂದ ಇಲ್ಲದ ಹಿಮೋಫಿಲಿಯಾ ನಡುವಯಸ್ಸಿನಲ್ಲಿ ಬಂದುಬಿಡುತ್ತದೆ. ಒಬ್ಬರಲ್ಲೇ ಇವುಗಳಲ್ಲಿ ಎರಡು ಮೂರು ಕೂಡಿಬರುವುದೂ ಉಂಟು.

ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಇದನ್ನೇ. ಲೂಪಸ್ ಇರುವವರಿಗೆ ಪಕ್ಕೆ ನೋವು ಬಂದರೆ ಅದು ಕಲ್ಲಾಗಿರಬಹುದು. ಕಿಡ್ನಿಗೆ ಸೋಂಕಾಗಿರಬಹುದು, ಯಾಕೆಂದರೆ ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ಸೋಂಕು ಬೇಗ ತಗುಲುತ್ತದೆ. ಕಿಡ್ನಿಯಿಂದ ರಕ್ತ ಹೊರತರುವ ನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಅಥವಾ ಕಿಡ್ನಿ ಸೋರುತ್ತಿರಬಹುದು. ಕೊನೆಯ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಪ್ಪು ಕಟ್ಟಿದ್ದರೆ ರಕ್ತ ತೆಳು ಮಾಡುವ ಔಷಧ ಕೊಡಬೇಕು. ಸೋರುತ್ತಿದ್ದರೆ ಅದೇ ಔಷಧವನ್ನು ನಿಲ್ಲಿಸಬೇಕು. ನೋವು ಒಂದೇ, ಜಾಗ ಒಂದೇ, ಚಿಕಿತ್ಸೆ ಪೂರ್ತಿ ಉಲ್ಟಾ. ಕೈಯಿಂದ ಒತ್ತಿ ನೋಡಿ ಇದನ್ನು ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಇವರ ವಿಷಯದಲ್ಲಿ "ಬೆಳಿಗ್ಗೆ ಸ್ಕ್ಯಾನ್ ಮಾಡಿಸಿ" ಅನ್ನುವುದು ಸರಿಯಲ್ಲ. ಸ್ಕ್ಯಾನ್ ಆ ರಾತ್ರಿಯೇ ಆಗಬೇಕು.

ನೋವಿನ ಇಂಜೆಕ್ಷನ್ ವಿಷಯವನ್ನೂ ಹೇಳಿಬಿಡುತ್ತೇನೆ. ಡೈಕ್ಲೋಫಿನಾಕ್ ಥರದ ಔಷಧಗಳು ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಕಿಡ್ನಿಗೆ ಹೋಗುವ ರಕ್ತವನ್ನೂ ತಗ್ಗಿಸುತ್ತವೆ. ಆರೋಗ್ಯವಂತರಿಗೆ ಕಲ್ಲಿನ ನೋವಿಗೆ ಅದು ಒಳ್ಳೆಯ ಔಷಧವೇ. ಕಿಡ್ನಿಗೆ ಮೊದಲೇ ಪೆಟ್ಟಾಗಿರುವ ಲೂಪಸ್ ರೋಗಿಗೆ ಅದು ಎರಡು ಕಡೆಯಿಂದ ತೊಂದರೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದು ನುಂಗುವವರು ನಮ್ಮಲ್ಲಿ ತುಂಬಾ ಜನ. ಅವರಿಗೂ ಈ ಮಾತು ಅನ್ವಯಿಸುತ್ತದೆ. ಇನ್ನು ಎಳನೀರು. ಕಿಡ್ನಿ ಸೋತವರ ಮೈಯಲ್ಲಿ ಪೊಟ್ಯಾಸಿಯಂ ಮೊದಲೇ ಏರಿರಬಹುದು. ಎಳನೀರಿನಲ್ಲಿ ಅದೇ ಜಾಸ್ತಿ. ಊರೆಲ್ಲ ಒಳ್ಳೆಯದು ಅನ್ನುವುದೂ ಅವರಿಗೆ ಹೃದಯದ ಬಡಿತ ಕೆಡಿಸಬಹುದು.

ಮೊದಲ ಆಸ್ಪತ್ರೆಯಲ್ಲಿ ಬಿ.ಪಿ. ಸರಿ ಇತ್ತಲ್ಲ ಅಂತ ನನ್ನ ತಂಗಿಯ ಗಂಡ ಈಗಲೂ ಕೇಳುತ್ತಾರೆ. ಇತ್ತು, ನಿಜ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಮುಕ್ಕಾಲು ಲೀಟರ್ ಹೋಗುವ ತನಕ ಹೊರಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಆಮೇಲೆ ಮೊದಲು ನಾಡಿ ಓಡಲು ಶುರುವಾಗುತ್ತದೆ. ಬಿ.ಪಿ. ಕುಸಿಯುವ ಹೊತ್ತಿಗೆ ಒಂದೂವರೆ ಲೀಟರ್ ಹತ್ತಿರ ಹೋಗಿರುತ್ತದೆ. ವಯಸ್ಸು ಚಿಕ್ಕದಿದ್ದಷ್ಟೂ ಮೈ ಬಿ.ಪಿ.ಯನ್ನು ಹಿಡಿದಿಟ್ಟುಕೊಂಡಿರುತ್ತದೆ, ಬಿಟ್ಟಾಗ ಒಮ್ಮೆಲೇ ಬಿಡುತ್ತದೆ. ಹಿಮೋಗ್ಲೋಬಿನ್ ಕೂಡ ಹಾಗೇ. ರಕ್ತ ಹೋದ ಮೊದಲ ಗಂಟೆಗಳಲ್ಲಿ ಅದು ಇಳಿಯುವುದಿಲ್ಲ. ಉಳಿದ ರಕ್ತಕ್ಕೆ ನೀರಿನಂಶ ಸೇರಿ ತೆಳುವಾದ ಮೇಲೇ ಸಂಖ್ಯೆ ಬೀಳುವುದು. ಅದಕ್ಕೇ ಒಂದು ಸಲ ನೋಡಿ ಬಿಡುವಂತಿಲ್ಲ. ಕೆಲವು ಗಂಟೆ ಬಿಟ್ಟು ಮತ್ತೆ ನೋಡಬೇಕು. ನಾಡಿಯನ್ನು ಮಾತ್ರ ಯಾರು ಬೇಕಾದರೂ ಮನೆಯಲ್ಲೇ ಎಣಿಸಬಹುದು ಅಲ್ವಾ? ಕೂತಲ್ಲೇ ಇದ್ದರೂ ನಿಮಿಷಕ್ಕೆ 100 ದಾಟಿದೆ, ಮೈ ತಣ್ಣಗಿದೆ, ನಿಂತರೆ ತಲೆ ತಿರುಗುತ್ತದೆ ಅಂದರೆ 108ಕ್ಕೆ ಫೋನ್ ಮಾಡುವ ಹೊತ್ತು ಅದು. ಬೈಕಿನಲ್ಲಿ ಕೂರಿಸಿಕೊಂಡು ಹೋಗಬಾರದು.

ಸ್ಕ್ಯಾನ್‌ಗಳಲ್ಲಿ ಅಲ್ಟ್ರಾಸೌಂಡ್ ಎಲ್ಲ ಕಡೆ ಸಿಗುತ್ತದೆ. ಕಿಡ್ನಿ ಸುತ್ತ ಏನೋ ತುಂಬಿದೆ ಅಂತ ಅದು ತೋರಿಸುತ್ತದೆ. ಅದು ರಕ್ತವೋ ಕೀವೋ ಗೆಡ್ಡೆಯೋ ಅನ್ನುವುದನ್ನು ಖಚಿತ ಮಾಡುವುದು ಸಿ.ಟಿ. ರಕ್ತನಾಳ ಎದ್ದು ಕಾಣುವಂತೆ ಮಾಡುವ ಡೈ ಎಂಬ ದ್ರವ ಹಾಕಿ ತೆಗೆದರೆ ಎಲ್ಲಿಂದ ಸೋರುತ್ತಿದೆ ಅನ್ನುವುದೂ ಕಾಣಬಹುದು. ಡೈ ಹಾಕಿದರೆ ಕಿಡ್ನಿ ಹೋಗುತ್ತದೆ ಅನ್ನುವ ಭಯ ರೋಗಿಗಳಿಗೂ ಇದೆ, ಕೆಲವು ವೈದ್ಯರಿಗೂ ಇದೆ. ಕಿಡ್ನಿ ದುರ್ಬಲವಾಗಿದ್ದವರಲ್ಲಿ ಎಚ್ಚರ ಬೇಕು, ಒಪ್ಪುತ್ತೇನೆ. ಆದರೆ ಜೀವವೇ ಸೋರಿಹೋಗುತ್ತಿರುವಾಗ ಆ ಭಯಕ್ಕೆ ಸ್ಕ್ಯಾನ್ ಮುಂದೂಡುವುದು ನನ್ನ ಮಟ್ಟಿಗೆ ತಪ್ಪು ಲೆಕ್ಕ.

ಚಿಕಿತ್ಸೆಯಲ್ಲಿ ಕಾಲ ಬದಲಾಗಿದೆ. ಹಿಂದೆ ಹೊಟ್ಟೆ ಕೊಯ್ದು ಕಿಡ್ನಿಯನ್ನೇ ತೆಗೆಯುವುದು ಸಾಮಾನ್ಯವಾಗಿತ್ತು. ಈಗ ಬಿ.ಪಿ. ಗಟ್ಟಿ ನಿಂತಿದ್ದರೆ ಮಲಗಿಸಿ, ರಕ್ತ ಕೊಟ್ಟು ಕಾಯುತ್ತಾರೆ. ಸೋರಿಕೆ ನಿಲ್ಲದಿದ್ದರೆ ಎಂಬೊಲೈಸೇಶನ್ ಮಾಡುತ್ತಾರೆ. ತೊಡೆಸಂದಿಯ ನಾಳದಿಂದ ಸಣ್ಣ ಕೊಳವೆ ತೂರಿಸಿ, ಒಡೆದ ಕವಲಿನವರೆಗೂ ಹೋಗಿ, ಅಷ್ಟನ್ನೇ ಪುಟ್ಟ ಲೋಹದ ಸುರುಳಿಯಿಂದಲೋ ಅಂಟಿನಿಂದಲೋ ಮುಚ್ಚುತ್ತಾರೆ. ಉಳಿದ ಕಿಡ್ನಿ ಉಳಿಯುತ್ತದೆ. ನನ್ನ ತಂಗಿಗೂ ಇದನ್ನೇ ಮಾಡಿದರು. ವ್ಯಾಸ್ಕುಲೈಟಿಸ್ ಇರುವವರಲ್ಲಿ ಕಿಡ್ನಿ ಉಳಿಸಿಕೊಳ್ಳುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಕಾಯಿಲೆ ಒಂದೇ ಕಿಡ್ನಿಗೆ ಸೀಮಿತವಾಗಿರುವುದಿಲ್ಲ. ಅಂಥದ್ದೇ ಉಬ್ಬುಗಳು ಇನ್ನೊಂದರಲ್ಲೂ ಇರಬಹುದು. ಇವತ್ತು ಒಂದನ್ನು ತೆಗೆದು, ತಿಂಗಳ ನಂತರ ಇನ್ನೊಂದು ಸೋರಿದರೆ ಆ ಮನುಷ್ಯನ ಗತಿ ಏನು?

ಸೋರಿಕೆ ನಿಲ್ಲಿಸುವುದು ಅರ್ಧ ಕೆಲಸ. ಬದುವಿನ ಒಂದು ತೂತು ಮುಚ್ಚಿದರೆ ಏಡಿ ಹೋಗುವುದಿಲ್ಲ. ರೋಗನಿರೋಧಕ ಶಕ್ತಿಯ ದಾಳಿಯನ್ನೇ ತಣಿಸಬೇಕು. ಅದಕ್ಕೆ ಹೆಚ್ಚು ಪ್ರಮಾಣದ ಸ್ಟೆರಾಯ್ಡ್ ಮತ್ತು ಸೈಕ್ಲೋಫಾಸ್ಫಮೈಡ್‌ನಂಥ ಬಲವಾದ ಔಷಧಗಳನ್ನು ಕೊಡುತ್ತಾರೆ. ಪಿ.ಎ.ಎನ್.ಗೆ ಚಿಕಿತ್ಸೆಯೇ ಇಲ್ಲದ ಕಾಲದಲ್ಲಿ 5 ವರ್ಷ ಬದುಕುತ್ತಿದ್ದವರು 100ಕ್ಕೆ 13 ಮಂದಿ. ಈ ಔಷಧಗಳು ಬಂದ ಮೇಲೆ ಅದು 80ರ ಆಸುಪಾಸಿಗೆ ಏರಿದೆ. ಹೆಪಟೈಟಿಸ್ ಬಿ ಜೊತೆಗಿದ್ದರೆ ಮಾತ್ರ ದಾರಿ ಬೇರೆ. ಆಗ ವೈರಸ್ ವಿರುದ್ಧದ ಔಷಧವೇ ಮುಖ್ಯ, ಸ್ಟೆರಾಯ್ಡ್ ಕೆಲವೇ ದಿನ. ಮಕ್ಕಳಾಗುವ ಆಸೆ ಇರುವ ಹೆಣ್ಣುಮಕ್ಕಳು ಸೈಕ್ಲೋಫಾಸ್ಫಮೈಡ್ ಬಗ್ಗೆ ಮೊದಲೇ ಕೇಳಬೇಕು. ಅದು ಅಂಡಾಶಯಕ್ಕೆ ಪೆಟ್ಟು ಕೊಡಬಹುದು. ನಮ್ಮ ಕಡೆ ಈ ಪ್ರಶ್ನೆ ಕೇಳಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ದಯವಿಟ್ಟು ಹಿಂಜರಿಯಬೇಡಿ.

ಸ್ಟೆರಾಯ್ಡ್ ಮಾತು ಬಂತು. ನನ್ನ ತಂಗಿ ಆ ರಾತ್ರಿಗೆ ಮೂರು ವಾರ ಮೊದಲು ಮಾತ್ರೆ ನಿಲ್ಲಿಸಿದ್ದಳು. ಮನೆಯಲ್ಲಿ ಮದುವೆ ಇತ್ತು. ಮುಖ ಊದಿಕೊಂಡಿದೆ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಯಾರೋ ಅಂದಿದ್ದರು. ನಿಲ್ಲಿಸಿದ್ದರಿಂದಲೇ ಒಡೆಯಿತು ಅಂತ ವೈದ್ಯರು ಹೇಳಲಿಲ್ಲ. ಆದರೆ ಹಾಗೆ ನಿಲ್ಲಿಸಿದರೆ ಕಾಯಿಲೆ ಕೆರಳುತ್ತದೆ ಅಂದರು. ತಿಂಗಳುಗಟ್ಟಲೆ ಸ್ಟೆರಾಯ್ಡ್ ತೆಗೆದುಕೊಂಡವರ ಮೈ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ನಿಲ್ಲಿಸಿದವರು ರಕ್ತ ಕಳೆದುಕೊಂಡರೆ ಬಿ.ಪಿ. ಇನ್ನೂ ಆಳಕ್ಕೆ ಕುಸಿಯಬಹುದು. ಮುಖ ಊದುವುದು ಸಣ್ಣ ಸಂಕಟವಲ್ಲ, ನನಗೆ ಗೊತ್ತು. ಅದನ್ನು ವೈದ್ಯರ ಹತ್ತಿರ ಹೇಳಿಕೊಂಡರೆ ಪ್ರಮಾಣವನ್ನು ನಿಧಾನವಾಗಿ ಇಳಿಸುವ ದಾರಿಗಳಿವೆ.

ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್ ಚಿಲ್ಲರೆ. ರಸ್ತೆ ಚೆನ್ನಾಗಿದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್ ಇದೆ. ಮೈಸೂರಿನಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆ ಇದೆ, ಖಾಸಗಿ ದೊಡ್ಡಾಸ್ಪತ್ರೆಗಳೂ ಇವೆ. ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ ಹೊತ್ತು ಹೋಗಿದ್ದು ರಸ್ತೆಯಲ್ಲಲ್ಲ. ಮೊದಲು ಹೋದ ಕಡೆ ಕಾಯಿಲೆಯ ಹೆಸರೇ ಹೊರಬರದೆ ಹೋಗಿದ್ದರಿಂದ ಆರು ಗಂಟೆ ಹೋಯಿತು. ಲೂಪಸ್, ಸಂಧಿವಾತದಂಥ ಕಾಯಿಲೆ ನೋಡುವ ರುಮಟಾಲಜಿ ತಜ್ಞರು ಸಿಗುವುದು ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಕೆ.ಆರ್. ಪೇಟೆ, ಮಳವಳ್ಳಿ ಕಡೆಯಿಂದ ಬರುವವರಿಗೆ ಒಂದು ಭೇಟಿ ಅಂದರೆ ಒಂದು ದಿನದ ಕೂಲಿ ಹೋದಂತೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಹೋಗಬೇಕಾದವರು ವರ್ಷಕ್ಕೊಮ್ಮೆ ಹೋಗುತ್ತಾರೆ.

ದುಡ್ಡಿನ ವಿಷಯದಲ್ಲೂ ಒಂದು ಕೊರತೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದವರೆಗೆ ನೆರವು ಇದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಹಾಲಿನ ಡೈರಿಗೆ ಹಾಲು ಹಾಕುವ ಎಷ್ಟೋ ಮನೆಗಳಿಗೆ ಇದರಿಂದ ಉಪಕಾರ ಆಗಿದೆ. ಆದರೆ ಇವೆಲ್ಲ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದ ಮೇಲೆ ಸಿಗುವ ನೆರವು. ದಾಖಲಾಗುವ ಸ್ಥಿತಿಯೇ ಬರದಂತೆ ನೋಡಿಕೊಳ್ಳುವ ತಿಂಗಳ ಮಾತ್ರೆ, ಮೂತ್ರದ ಪ್ರೋಟೀನ್ ಪರೀಕ್ಷೆ, ಐ.ಎನ್.ಆರ್. ಇವುಗಳ ಖರ್ಚು ಹೆಚ್ಚಿನ ಮನೆಗಳಲ್ಲಿ ಕೈಯಿಂದಲೇ ಹೋಗುತ್ತದೆ. ಡಯಾಲಿಸಿಸ್‌ಗೆ ಸರ್ಕಾರ ತೋರಿಸಿದ ಕಾಳಜಿಯನ್ನು, ಕಿಡ್ನಿ ಅಲ್ಲಿವರೆಗೆ ಹೋಗದಂತೆ ತಡೆಯುವ ಈ ಸಣ್ಣ ಖರ್ಚುಗಳಿಗೂ ತೋರಿಸಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಲೂಪಸ್, ಸಂಧಿವಾತದವರಿಗೆಂದೇ ಓ.ಪಿ.ಡಿ. ಇದ್ದರೆ ಎಷ್ಟೋ ಜನ ಮಾತ್ರೆ ಬಿಡುವುದಿಲ್ಲ.

ತುರ್ತು ವಿಭಾಗದಲ್ಲಿ ಕೆಲಸ ಮಾಡುವವರನ್ನು ಸುಮ್ನೆ ದೂರುವುದು ನನಗೆ ಇಷ್ಟವಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇಪ್ಪತ್ತು ಮೂವತ್ತು ರೋಗಿಗಳನ್ನು ನೋಡುತ್ತಿರುತ್ತಾರೆ. ಅವರಿಗೆ ಸುಳಿವು ನಾವೇ ಕೊಡಬೇಕು. ಈಗ ನನ್ನ ತಂಗಿ ಒಂದು ರಟ್ಟಿನ ಚೀಟಿ ಮಾಡಿಸಿ, ಪರ್ಸಿನಲ್ಲಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಾಳೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದೆ. ಕಾಯಿಲೆಯ ಹೆಸರು, ಎಷ್ಟು ವರ್ಷದಿಂದ, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ, ರಕ್ತದ ಗುಂಪು, ಕೊನೆಯ ಹಿಮೋಗ್ಲೋಬಿನ್ ಮತ್ತು ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ನೋಡುವ ವೈದ್ಯರ ಫೋನ್ ನಂಬರು. ಗಂಡನ ಮೊಬೈಲಿನಲ್ಲಿ ಅದರ ಫೋಟೋ ಇದೆ.

ಅವಳ ಕಿಡ್ನಿ ಉಳಿದಿದೆ. ಆದರೆ ಬಿ.ಪಿ. ಏರಿದೆ. ಇದಕ್ಕೂ ಕಾರಣ ಗೊತ್ತಿರುವಂಥದ್ದೇ. 1939ರಲ್ಲಿ ಅಮೆರಿಕದ ಅರ್ವಿನ್ ಪೇಜ್ ಎಂಬ ವೈದ್ಯರು ಪ್ರಾಣಿಗಳ ಕಿಡ್ನಿಗೆ ಸೆಲೋಫೇನ್ ಹಾಳೆ ಸುತ್ತಿ ನೋಡಿದ್ದರು. ಬಿಗಿತಕ್ಕೆ ಸಿಕ್ಕ ಕಿಡ್ನಿ, ತನಗೆ ರಕ್ತ ಸಾಲುತ್ತಿಲ್ಲ ಎಂದು ರೆನಿನ್ ಎಂಬ ಹಾರ್ಮೋನ್ ಸುರಿಸಿ ಬಿ.ಪಿ. ಏರಿಸುತ್ತದೆ. ಸುತ್ತ ಹೆಪ್ಪುಗಟ್ಟಿದ ರಕ್ತವೂ ಅದೇ ಕೆಲಸ ಮಾಡುತ್ತದೆ. ಹೆಪ್ಪು ಕರಗಲು ತಿಂಗಳುಗಳು ಬೇಕು. ಕರಗಿದ ಮೇಲೆ ಇನ್ನೊಂದು ಸಿ.ಟಿ. ಆಗಬೇಕು. ರಕ್ತದ ಮರೆಯಲ್ಲಿ ಗೆಡ್ಡೆಯೇನಾದರೂ ಅಡಗಿತ್ತೇ ಅನ್ನುವುದು ಆಗ ತಿಳಿಯುತ್ತದೆ. ಅದಕ್ಕೆ ಮುಂದಿನ ತಿಂಗಳ ತಾರೀಖು ಸಿಕ್ಕಿದೆ. "ಅಕ್ಕ, ಆವತ್ತು ನೀನೂ ಬಾ" ಅಂದಿದ್ದಾಳೆ. ಹೋಗುತ್ತಿದ್ದೇನೆ.